ಕೊರೊನಾ ಮಹಾಮಾರಿ ಮತ್ತು ಬಡ ದೇಶಗಳ ಯುವಪೀಳಿಗೆ

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ವಿಷಯ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ದೂರವಾಣಿ ಮಾಡಿದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಪಕ್ಕದಲ್ಲಿ ಕುಳಿತಿದ್ದ ಗಣಿತದ ಮೇಷ್ಟ್ರು ಕೇಳಿಸಿಕೊಂಡು, "ಕೊರೊನಾ ಮುಗಿದುಹೋದ ಕಥೆ ಟೀಚರ್, ಈಗ ಅದನ್ನು ಯಾರು ಕೇಳುತ್ತಾರೆ?" ಎಂದರು. ನಾನು ಅವರಿಗೆ ಅವರದೇ ವಿಷಯದಲ್ಲಿ ಉತ್ತರ ಕೊಟ್ಟೆ. 2020ರ ಜೂನ್‌ನಲ್ಲಿ ಐದನೆಯ ತರಗತಿಗೆ ಬರಬೇಕಿದ್ದ ಮಗು ಹತ್ತನೆಯ ತರಗತಿಗೆ ಬಂದದ್ದು 2025ರ ಜೂನ್‌ನಲ್ಲಿ. ಆ ವರ್ಷ ಒಂದನೆಯ ತರಗತಿಗೆ ಸೇರಬೇಕಿದ್ದ ಮಗು ಪ್ರೌಢಶಾಲೆಗೆ ಕಾಲಿಡುವುದು 2027ರಲ್ಲಿ. ಆಗ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗರಿಗೆ ಈಗ ಇಪ್ಪತ್ತರ ಪ್ರಾಯ. ರೋಗ ಮುಗಿದಿರಬಹುದು. ಅದನ್ನು ಹಾದುಬಂದ ಮಕ್ಕಳು ಮಾತ್ರ ಇನ್ನೂ ನಮ್ಮ ತರಗತಿಗಳಲ್ಲಿ, ನಮ್ಮ ಗ್ಯಾರೇಜುಗಳಲ್ಲಿ, ನಮ್ಮ ಓಣಿಗಳಲ್ಲಿ ಇದ್ದಾರೆ. ಮೇಷ್ಟ್ರು ಸುಮ್ಮನಾದರು.

ನಾನು ಭಾಷಾ ಶಿಕ್ಷಕಿ. ಉರ್ದು ಮತ್ತು ಕನ್ನಡ ಕಲಿಸುತ್ತೇನೆ. ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಆದ್ದರಿಂದ ಅಂಕಿಅಂಶಗಳನ್ನು ಬೇಕಾದಷ್ಟೇ ಹೇಳಿ, ನಾನು ಕಂಡದ್ದನ್ನು ಮತ್ತು ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

2019-20ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಕ್ಷರ ಮುತ್ತಿನಂತಿತ್ತು. ಗೋಡೆ ಪತ್ರಿಕೆಯ ಉರ್ದು ಭಾಗವನ್ನೂ ಕನ್ನಡ ಭಾಗವನ್ನೂ ಅವನೇ ಬರೆಯುತ್ತಿದ್ದ. ತಂದೆ ಆಟೊ ಓಡಿಸುತ್ತಿದ್ದರು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಂದ್ ಆಯಿತು, ಆಟೊ ಮನೆಯ ಮುಂದೆ ನಿಂತಿತು. ಕಂತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಸಾಲ ಕೊಟ್ಟವರು ಗಾಡಿಯನ್ನು ಎಳೆದುಕೊಂಡು ಹೋದರು. ಹುಡುಗ ಮಂಡಕ್ಕಿ ಭಟ್ಟಿಗೆ ಸೇರಿದ. ದಾವಣಗೆರೆಯ ಕಡೆಯವರಿಗೆ ಭಟ್ಟಿ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಕಾದ ಮರಳಿನಲ್ಲಿ ಅಕ್ಕಿಯನ್ನು ಹುರಿದು ಮಂಡಕ್ಕಿ ಮಾಡುವ ಜಾಗ ಅದು. ಒಲೆಗೆ ಉರಿ ಹಾಕುತ್ತಲೇ ಇರಬೇಕು. ಹೊಗೆ ಕಣ್ಣಿಗೂ ಎದೆಗೂ ಹೋಗುತ್ತದೆ. ಶಾಲೆ ತೆರೆದಾಗ ನಾನು ಅವನ ಮನೆಗೆ ಹೋದೆ. ಅವನ ತಾಯಿ ಚಹಾ ಕೊಟ್ಟು ಬಹಳ ಮರ್ಯಾದೆಯಿಂದಲೇ ಕೇಳಿದರು: "ಟೀಚರ್, ಅವನು ದಿನಕ್ಕೆ ಮುನ್ನೂರು ರೂಪಾಯಿ ತರುತ್ತಾನೆ. ಶಾಲೆಗೆ ಕಳಿಸಿದರೆ ಆ ಮುನ್ನೂರು ನೀವು ಕೊಡುತ್ತೀರಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಬಿ.ಎಡ್.ನಲ್ಲಿ ನಮಗೆ ಮಕ್ಕಳ ಮನಶ್ಶಾಸ್ತ್ರ ಕಲಿಸಿದ್ದರು, ಪಾಠ ಯೋಜನೆ ಬರೆಯುವುದನ್ನು ಕಲಿಸಿದ್ದರು. ಈ ಪ್ರಶ್ನೆಗೆ ಉತ್ತರ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಆದರೆ ಆ ತಾಯಿ ಕೇಳಿದ ಪ್ರಶ್ನೆಯಲ್ಲೇ ಇಂದಿನ ನನ್ನ ವಿಷಯದ ಮುಕ್ಕಾಲು ಭಾಗ ಅಡಗಿದೆ. ಮಹಾಮಾರಿ ಶ್ರೀಮಂತ ದೇಶಕ್ಕೂ ಬಂತು, ಬಡ ದೇಶಕ್ಕೂ ಬಂತು. ಶಾಲೆಗಳು ಎರಡೂ ಕಡೆ ಮುಚ್ಚಿದವು. ಯುನೆಸ್ಕೊ ಲೆಕ್ಕದ ಪ್ರಕಾರ 2020ರ ಏಪ್ರಿಲ್ ಹೊತ್ತಿಗೆ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 150 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿದ್ದರು. ಆದರೆ ಮನೆಯಲ್ಲಿ ಕುಳಿತು ತಿನ್ನಲು ಏನಿದೆ ಎಂಬಲ್ಲಿಗೆ ಬಂದಾಗ ಎರಡು ದಾರಿಗಳು ಬೇರೆಯಾದವು. ಅಮೆರಿಕದ ಸರ್ಕಾರ 2020ರಲ್ಲಿ ಮೊದಲ ಕಂತಿನಲ್ಲೇ ಹೆಚ್ಚಿನ ವಯಸ್ಕರಿಗೆ ತಲಾ 1,200 ಡಾಲರ್ ಕೊಟ್ಟಿತು. ನಮ್ಮಲ್ಲಿ ಜನಧನ್ ಖಾತೆಯಿದ್ದ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಬಂತು. ನ್ಯಾಯವಾಗಿ ಹೇಳಬೇಕೆಂದರೆ, ಪಡಿತರದಲ್ಲಿ ಉಚಿತವಾಗಿ ಬಂದ ಧಾನ್ಯ ನಮ್ಮಲ್ಲಿ ಅನೇಕ ಮನೆಗಳ ಒಲೆಯನ್ನು ಉಳಿಸಿತು. ಆಫ್ರಿಕದ ಅನೇಕ ದೇಶಗಳ ಸರ್ಕಾರಗಳ ಬಳಿ ಅಷ್ಟನ್ನು ಕೊಡುವುದಕ್ಕೂ ಇರಲಿಲ್ಲ. ಹಾಗಾಗಿ ಮನೆಯ ಕೊರತೆಯನ್ನು ತುಂಬಿದ್ದು ಮನೆಯ ಮಕ್ಕಳೇ.

ಉಗಾಂಡಾ ದೇಶದ ಉದಾಹರಣೆ ತೆಗೆದುಕೊಳ್ಳಿ. ಜಗತ್ತಿನಲ್ಲೇ ಅತಿ ದೀರ್ಘ ಕಾಲ ಶಾಲೆಗಳನ್ನು ಮುಚ್ಚಿದ ದೇಶ ಅದು. 2020ರ ಮಾರ್ಚ್‌ನಲ್ಲಿ ಬಿದ್ದ ಬೀಗ, ನಡುವೆ ಪರೀಕ್ಷೆ ಬರೆಯುವ ತರಗತಿಗಳಿಗೆಂದು ಸ್ವಲ್ಪ ಕಾಲ ತೆರೆದು, 2021ರ ಜೂನ್‌ನಲ್ಲಿ ಮತ್ತೆ ಬಿದ್ದು, ಎಲ್ಲರಿಗಾಗಿ ತೆರೆದದ್ದು 2022ರ ಜನವರಿ 10ರಂದು. ಸುಮಾರು ಒಂದೂವರೆ ಕೋಟಿ ಮಕ್ಕಳು ಹೆಚ್ಚುಕಡಿಮೆ ಎರಡು ವರ್ಷ ಹೊರಗಿದ್ದರು. ಆ ದೇಶದ ರಾಷ್ಟ್ರೀಯ ಯೋಜನಾ ಪ್ರಾಧಿಕಾರವೇ ಶೇಕಡಾ 30ರಷ್ಟು ಮಕ್ಕಳು ಮರಳದೇ ಹೋಗಬಹುದೆಂದು ಅಂದಾಜು ಮಾಡಿತ್ತು. ಎರಡು ವರ್ಷ ಸಂಬಳವಿಲ್ಲದ ಖಾಸಗಿ ಶಾಲೆಗಳ ಶಿಕ್ಷಕರು ಬೇರೆ ಕಸುಬು ಹಿಡಿದರು. ಎಷ್ಟೋ ಶಾಲೆಗಳು ಮರಳಿ ತೆರೆಯಲೇ ಇಲ್ಲ. ನಮ್ಮಲ್ಲೂ ಅನುದಾನರಹಿತ ಶಾಲೆಗಳ ಶಿಕ್ಷಕರು ತರಕಾರಿ ಗಾಡಿ ತಳ್ಳಿದ್ದನ್ನು, ಮೊಬೈಲ್ ಅಂಗಡಿಯಲ್ಲಿ ಕುಳಿತದ್ದನ್ನು ನಾವು ನೋಡಿದ್ದೇವೆ. ಈ ಸಭೆಯಲ್ಲೇ ಅಂಥವರು ಕೆಲವರಿದ್ದಾರೆ.

ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಘಾನಾ, ನೇಪಾಳ ಮತ್ತು ಉಗಾಂಡಾಗಳಲ್ಲಿ ಎಂಟರಿಂದ ಹದಿನೇಳು ವಯಸ್ಸಿನ 81 ಮಕ್ಕಳನ್ನು ಮಾತನಾಡಿಸಿ 2021ರ ಮೇ ತಿಂಗಳಲ್ಲಿ ಒಂದು ವರದಿ ಕೊಟ್ಟಿತು. ಇಟ್ಟಿಗೆ ಗೂಡು, ಕಾರ್ಪೆಟ್ ಕಾರ್ಖಾನೆ, ಚಿನ್ನದ ಗಣಿ, ಕಲ್ಲು ಕ್ವಾರಿ, ಮೀನುಗಾರಿಕೆ, ಹೀಗೆ ಎಲ್ಲೆಡೆ ಮಕ್ಕಳಿದ್ದರು. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಕ್ಕಳು ದಿನಕ್ಕೆ ಹತ್ತು ಗಂಟೆ ಅಥವಾ ಅದಕ್ಕೂ ಮೀರಿ ದುಡಿಯುತ್ತಿದ್ದರು. ಅದನ್ನು ಓದುವಾಗ ನನಗೆ ಭಟ್ಟಿಯ ಹೊಗೆಯೇ ಕಣ್ಣಿಗೆ ಬಂತು. ದೇಶ ಬೇರೆ, ಭಾಷೆ ಬೇರೆ, ತಾಯಂದಿರು ಕೇಳುವ ಪ್ರಶ್ನೆ ಒಂದೇ.

ಒಳ್ಳೆಯ ಸುದ್ದಿಯನ್ನೂ ಹೇಳಬೇಕು. 2020ರ ಆರಂಭದಲ್ಲಿ ಜಗತ್ತಿನಲ್ಲಿ 16 ಕೋಟಿ ಬಾಲಕಾರ್ಮಿಕರಿದ್ದರು, ಮಹಾಮಾರಿಯಿಂದ ಇದು ಇನ್ನೂ 90 ಲಕ್ಷ ಏರಬಹುದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಹೆದರಿದ್ದವು. ಅವೇ ಸಂಸ್ಥೆಗಳು 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2024ರಲ್ಲಿ ಈ ಸಂಖ್ಯೆ 13 ಕೋಟಿ 80 ಲಕ್ಷಕ್ಕೆ ಇಳಿದಿತ್ತು. ಅಲ್‌ಹಮ್ದುಲಿಲ್ಲಾಹ್, ಸಂತೋಷದ ಮಾತು. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. 2020ರಲ್ಲಿ ಹದಿನಾಲ್ಕು ವರ್ಷದವನಾಗಿದ್ದ ನನ್ನ ವಿದ್ಯಾರ್ಥಿ 2024ರಲ್ಲಿ ಹದಿನೆಂಟು ದಾಟಿದ. ಅವನು ಬಾಲಕಾರ್ಮಿಕರ ಪಟ್ಟಿಯಿಂದ ತಾನಾಗಿಯೇ ಬಿದ್ದುಹೋದ. ಭಟ್ಟಿಯಿಂದ ಹೊರಬರಲಿಲ್ಲ, ಪಟ್ಟಿಯಿಂದ ಹೊರಬಂದ.

ಇನ್ನು ಹೆಣ್ಣುಮಕ್ಕಳ ವಿಚಾರ. ಇಲ್ಲಿ ನಾನು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೊರೊನಾಕ್ಕಿಂತ ಮೊದಲೇ, 2014ರಲ್ಲಿ, ಅಲ್ಲಿಗೆ ಎಬೋಲಾ ಬಂದಿತ್ತು. ಸುಮಾರು ಒಂಬತ್ತು ತಿಂಗಳು ಶಾಲೆಗಳು ಮುಚ್ಚಿದ್ದವು. ಶಾಲೆಯೆಂಬುದು ಬಡ ಹುಡುಗಿಗೆ ಪಾಠದ ಜಾಗ ಮಾತ್ರವಲ್ಲ, ದಿನದ ಆರು ತಾಸು ಅವಳು ಸುರಕ್ಷಿತವಾಗಿರುವ ಜಾಗವೂ ಹೌದು. ಆ ಜಾಗ ಇಲ್ಲವಾದಾಗ ಅನೇಕ ಹದಿಹರೆಯದ ಹುಡುಗಿಯರು ಗರ್ಭಿಣಿಯರಾದರು. ಕೆಲವರು ಹಸಿವಿನಿಂದ, ಕೆಲವರು ಬಲಾತ್ಕಾರದಿಂದ. 2015ರ ಏಪ್ರಿಲ್‌ನಲ್ಲಿ ಶಾಲೆ ತೆರೆಯುವಾಗ ಸರ್ಕಾರ ಏನು ಮಾಡಿತು ಗೊತ್ತೇ? ಗರ್ಭಿಣಿಯಾಗಿ ಕಾಣುವ ಹುಡುಗಿಯರು ಸಾಮಾನ್ಯ ಶಾಲೆಗೆ ಬರಬಾರದು, ಪರೀಕ್ಷೆ ಬರೆಯಬಾರದು ಎಂದು ಆದೇಶಿಸಿತು. ಉಳಿದ ಹುಡುಗಿಯರಿಗೆ ಕೆಟ್ಟ ಮಾದರಿಯಾಗುತ್ತಾರೆಂಬುದು ಕಾರಣ! ಈ ನಿಷೇಧದ ವಿರುದ್ಧ ಹೋರಾಡಿ, ಪಶ್ಚಿಮ ಆಫ್ರಿಕದ ದೇಶಗಳ ಒಕ್ಕೂಟದ ನ್ಯಾಯಾಲಯ ಅದು ತಾರತಮ್ಯವೆಂದು ತೀರ್ಪು ಕೊಟ್ಟದ್ದು 2019ರ ಡಿಸೆಂಬರ್‌ನಲ್ಲಿ. ಸರ್ಕಾರ ನಿಷೇಧ ತೆಗೆದದ್ದು 2020ರ ಮಾರ್ಚ್ 30ರಂದು. ಅದರ ಮರುದಿನವೇ ಆ ದೇಶದಲ್ಲಿ ಮೊದಲ ಕೊರೊನಾ ರೋಗಿ ಪತ್ತೆಯಾಗಿ ಶಾಲೆಗಳಿಗೆ ಮತ್ತೆ ಬಾಗಿಲು ಬಿತ್ತು. ಐದು ವರ್ಷ ಕಾದ ಹುಡುಗಿಗೆ ಬಾಗಿಲು ತೆರೆದದ್ದೂ ಮುಚ್ಚಿದ್ದೂ ಒಂದೇ ವಾರದಲ್ಲಿ.

ಆದರೆ ಅದೇ ದೇಶದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಬಾಂಗ್ಲಾದೇಶದಲ್ಲಿ ಹುಟ್ಟಿದ ಬ್ರಾಕ್ ಸಂಸ್ಥೆ ಕೆಲವು ಹಳ್ಳಿಗಳಲ್ಲಿ ಹುಡುಗಿಯರಿಗಾಗಿ ಸಣ್ಣ ಕೂಟಗಳನ್ನು ನಡೆಸುತ್ತಿತ್ತು. ದೊಡ್ಡದೇನಲ್ಲ. ಸೇರಲು ಒಂದು ಜಾಗ, ಕಲಿಸಲು ವಯಸ್ಸಿನಲ್ಲಿ ಸ್ವಲ್ಪ ಹಿರಿಯಳಾದ ಒಬ್ಬ ಅಕ್ಕ, ಒಂದಿಷ್ಟು ಕಸುಬಿನ ತರಬೇತಿ, ಆರೋಗ್ಯದ ಮಾತು. ಎಬೋಲಾ ಮುಗಿದ ಮೇಲೆ ಅಧ್ಯಯನ ಮಾಡಿದವರು ಕಂಡದ್ದೇನೆಂದರೆ, ಕೂಟವಿಲ್ಲದ ಹಳ್ಳಿಗಳಲ್ಲಿ ಎಳೆಯ ಹುಡುಗಿಯರು ಶಾಲೆ ಬಿಟ್ಟ ಪ್ರಮಾಣ ಬಹಳ ಹೆಚ್ಚಾಗಿತ್ತು, ಕೂಟವಿದ್ದ ಹಳ್ಳಿಗಳಲ್ಲಿ ಆ ನಷ್ಟ ತೀರಾ ಕಡಿಮೆಯಿತ್ತು. ಅದೇ ರೋಗ, ಅದೇ ಸರ್ಕಾರ, ಅದೇ ಬಡತನ. ವ್ಯತ್ಯಾಸವಾದದ್ದು ಒಂದು ಕೋಣೆ ಮತ್ತು ಒಬ್ಬ ಅಕ್ಕನಿಂದ.

ನಮ್ಮ ರಾಜ್ಯದ ಕಡೆಗೆ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ದೇಶದಲ್ಲಿ 2019ರಲ್ಲಿ 523 ಪ್ರಕರಣ ದಾಖಲಾಗಿದ್ದವು, 2020ರಲ್ಲಿ 785. ಆ ವರ್ಷ ಎಲ್ಲ ರಾಜ್ಯಗಳಿಗಿಂತ ಹೆಚ್ಚು ದಾಖಲಾದದ್ದು ಕರ್ನಾಟಕದಲ್ಲಿ, 184. ಹೆಚ್ಚು ದಾಖಲಾಗಿದೆ ಎಂದರೆ ಇಲ್ಲಿ ಅಧಿಕಾರಿಗಳು ಹೆಚ್ಚು ಎಚ್ಚರವಾಗಿದ್ದರು ಎಂದೂ ಅರ್ಥವಾಗಬಹುದು, ಇರಲಿ. ಆದರೆ ದಾಖಲಾಗದವು ಎಷ್ಟೆಂದು ನಮ್ಮ ನಮ್ಮ ಓಣಿಯವರಿಗೆ ಗೊತ್ತು. ಆಗ ಮದುವೆಗೆ ಐವತ್ತು ಜನರ ಮಿತಿ ಇತ್ತು. ಶಾದಿಮಹಲ್ ಬೇಡ, ನೂರಾರು ಜನರಿಗೆ ಊಟ ಬೇಡ, ಮನೆಯಲ್ಲೇ ಮುಗಿಸಬಹುದು. "ಖರ್ಚು ಉಳಿಯುತ್ತದೆ ಟೀಚರ್, ಇಂಥ ಕಾಲ ಮತ್ತೆ ಬರುತ್ತದೆಯೇ?" ಎಂದು ಒಬ್ಬ ತಂದೆ ನನ್ನೆದುರೇ ಹೇಳಿದರು. ಅವರು ಕ್ರೂರಿಯಲ್ಲ, ಲೆಕ್ಕ ಹಾಕಿದ ಬಡವ. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ಕನ್ನಡ ಪ್ರಬಂಧ ಸ್ಪರ್ಧೆಯಲ್ಲಿ ತಾಲ್ಲೂಕಿಗೆ ಎರಡನೆಯ ಬಹುಮಾನ ತಂದಿದ್ದಳು.

ಉದ್ಯೋಗದ ಮಾತನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 2020ರಲ್ಲಿ ಜಗತ್ತಿನಲ್ಲಿ ವಯಸ್ಕರ ಉದ್ಯೋಗ ಶೇಕಡಾ 3.7ರಷ್ಟು ಕುಸಿದರೆ, ಹದಿನೈದರಿಂದ ಇಪ್ಪತ್ತನಾಲ್ಕು ವಯಸ್ಸಿನವರ ಉದ್ಯೋಗ ಶೇಕಡಾ 8.7ರಷ್ಟು ಕುಸಿಯಿತು. ಕಾರಣ ಸರಳ. ಕೊನೆಗೆ ಸೇರಿದವನನ್ನು ಮೊದಲು ತೆಗೆಯುತ್ತಾರೆ. ಬಾಂಗ್ಲಾದೇಶದಲ್ಲಿ ಪಾಶ್ಚಾತ್ಯ ಕಂಪನಿಗಳು ಒಟ್ಟು 300 ಕೋಟಿ ಡಾಲರ್‌ಗೂ ಮೀರಿದ ಬಟ್ಟೆಯ ಆರ್ಡರುಗಳನ್ನು ರದ್ದು ಮಾಡಿದವು ಅಥವಾ ತಡೆಹಿಡಿದವು ಎಂದು ಅಲ್ಲಿನ ಗಾರ್ಮೆಂಟ್ ಮಾಲೀಕರ ಸಂಘ ಹೇಳಿತ್ತು. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಅತ್ತ ಗಲ್ಫ್‌ನಲ್ಲಿ ಕೆಲಸ ಹೋಗಿ ನಮ್ಮ ಕರಾವಳಿಗೂ ಬಯಲುಸೀಮೆಗೂ ಮರಳಿದ ಯುವಕರು ಎಷ್ಟೋ. 2023ರ ಹೊತ್ತಿಗೆ ಜಗತ್ತಿನ ಯುವಜನರ ನಿರುದ್ಯೋಗ ಶೇಕಡಾ 13ಕ್ಕೆ ಇಳಿದು ಹದಿನೈದು ವರ್ಷಗಳಲ್ಲೇ ಕಡಿಮೆಯಾಯಿತು ಎನ್ನುತ್ತಾರೆ. ಆದರೆ ಅದೇ ವರ್ಷ ಐವರಲ್ಲಿ ಒಬ್ಬ ಯುವಕ ಯಾ ಯುವತಿ ಓದುತ್ತಲೂ ಇರಲಿಲ್ಲ, ದುಡಿಯುತ್ತಲೂ ಇರಲಿಲ್ಲ, ತರಬೇತಿಯಲ್ಲೂ ಇರಲಿಲ್ಲ. ಅಂಥ ಮೂವರಲ್ಲಿ ಇಬ್ಬರು ಹೆಣ್ಣುಮಕ್ಕಳು. ನಮ್ಮ ಹುಡುಗರಿಗೆ ಇನ್ನೊಂದು ಕಷ್ಟವೂ ಇದೆ. 2021ರ ಎಸ್.ಎಸ್.ಎಲ್.ಸಿ. ಪರೀಕ್ಷೆ ಎರಡೇ ದಿನ ನಡೆದು, ಒಬ್ಬರನ್ನು ಬಿಟ್ಟು ಬರೆದವರೆಲ್ಲರೂ ತೇರ್ಗಡೆಯಾದರು. ಆ ಅಂಕಪಟ್ಟಿ ಹಿಡಿದು ಕೆಲಸ ಕೇಳಲು ಹೋದರೆ "ಓ, ಕೊರೊನಾ ಬ್ಯಾಚಾ?" ಎಂದು ನಗುತ್ತಾರೆ. ಆ ಮಕ್ಕಳು ಪರೀಕ್ಷೆ ಬೇಡವೆಂದು ಕೇಳಿದ್ದರೇ?

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ನಾವೆಲ್ಲ ತಿಳಿದಿರುವುದು ಶಾಲೆ ಮುಚ್ಚಿದಾಗ ನಷ್ಟವಾಯಿತು, ತೆರೆದಾಗ ನಷ್ಟ ನಿಂತಿತು ಎಂದು. ಇದು ಸರಿಯಲ್ಲ. 2005ರ ಅಕ್ಟೋಬರ್ 8ರಂದು ಪಾಕಿಸ್ತಾನದ ಉತ್ತರ ಭಾಗದಲ್ಲಿ ಮತ್ತು ಆಜಾದ್ ಕಾಶ್ಮೀರವೆಂದು ಅವರು ಕರೆಯುವ ಪ್ರದೇಶದಲ್ಲಿ ಭೀಕರ ಭೂಕಂಪವಾಗಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಸುಮಾರು ಮೂರು ತಿಂಗಳು ಶಾಲೆಗಳು ಮುಚ್ಚಿದ್ದವು. ನಾಲ್ಕು ವರ್ಷಗಳ ನಂತರ ಸಂಶೋಧಕರು ಅಲ್ಲಿಗೆ ಹೋಗಿ ಮನೆಮನೆ ಸಮೀಕ್ಷೆ ಮಾಡಿದರು. ಪರಿಹಾರ ಬಂದಿತ್ತು, ಮನೆಗಳು ಎದ್ದಿದ್ದವು, ದೊಡ್ಡವರ ಬದುಕು ಹಳಿಗೆ ಬಂದಿತ್ತು, ಮಕ್ಕಳೂ ಶಾಲೆಗೆ ಮರಳಿದ್ದರು. ಆದರೆ ಪರೀಕ್ಷೆ ಮಾಡಿ ನೋಡಿದರೆ, ಭೂಕಂಪದ ಬಿರುಕಿಗೆ ಹತ್ತಿರವಿದ್ದ ಮಕ್ಕಳು ದೂರದ ಮಕ್ಕಳಿಗಿಂತ ಕಲಿಕೆಯಲ್ಲಿ ಒಂದೂವರೆಯಿಂದ ಎರಡು ವರ್ಷ ಹಿಂದಿದ್ದರು! ಮುಚ್ಚಿದ್ದು ಮೂರು ತಿಂಗಳು, ಹಿಂದೆ ಬಿದ್ದದ್ದು ಎರಡು ವರ್ಷ. ಉಳಿದ ಸಮಯ ಎಲ್ಲಿ ಕಳೆದುಹೋಯಿತು? ತೆರೆದ ಶಾಲೆಯೊಳಗೇ ಕಳೆದುಹೋಯಿತು ಎಂದಲ್ಲದೆ ಬೇರೇನು ಹೇಳುವುದು?

ಆಶ್ಚರ್ಯಪಡಬೇಡಿ. ಅದು ಹೇಗೆಂದು ನನಗೆ ಗೊತ್ತು, ಏಕೆಂದರೆ ನಾನೂ ಅದನ್ನೇ ಮಾಡಿದೆ. 2021ರ ಸೆಪ್ಟೆಂಬರ್ 6ರಂದು ಆರರಿಂದ ಎಂಟನೆಯ ತರಗತಿಗಳು ಮತ್ತೆ ತೆರೆದವು. ಆರನೆಯ ತರಗತಿಯ ಕೊನೆಯಲ್ಲಿ ಮನೆಗೆ ಹೋದ ಮಕ್ಕಳು ಏಳನ್ನು ಸರಿಯಾಗಿ ನೋಡದೆಯೇ ಎಂಟಕ್ಕೆ ಬಂದಿದ್ದರು. ನಮ್ಮದು ಉರ್ದು ಮಾಧ್ಯಮ. ಕನ್ನಡ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಮಾತ್ರ ಸಿಗುವ ಭಾಷೆ. ಶಾಲೆ ಮುಚ್ಚಿದರೆ ಮೊದಲು ಸಾಯುವುದು ಅದೇ. ಚಂದನದಲ್ಲಿ ಪಾಠ ಬರುತ್ತಿತ್ತು, ನಿಜ, ಆದರೆ ಅದನ್ನು ಅನುಸರಿಸುವಷ್ಟು ಕನ್ನಡ ಅವರಲ್ಲಿ ಉಳಿದಿರಲಿಲ್ಲ. ವಿದ್ಯಾಗಮದಲ್ಲಿ ಮಸೀದಿಯ ಕಟ್ಟೆ, ಮರದ ನೆರಳು ಎಂದು ಕೆಲವು ವಾರ ಕಲಿಸಿದೆವು, 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ತರಗತಿಗೆ ಬಂದವರಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಒತ್ತಕ್ಷರವೇ ಮರೆತಿತ್ತು. "ಅಮ್ಮ" ಎಂದು ಬರೆಯಲು ಹೇಳಿದರೆ "ಅಮ" ಎಂದು ಬರೆದರು. ನಾನೇನು ಮಾಡಿದೆ? ಎಂಟನೆಯ ತರಗತಿಯ ಪುಸ್ತಕ ತೆರೆದು ಮೊದಲ ಪಾಠ ಶುರು ಮಾಡಿದೆ. ಪಠ್ಯ ಮುಗಿಸಬೇಕಿತ್ತು. ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ, ಅವರು ನೋಡಿ ಬರೆದರು. ಆ ವರ್ಷದ ನೋಟ್‌ಬುಕ್‌ಗಳು ನನ್ನ ವೃತ್ತಿಯಲ್ಲೇ ಅತ್ಯಂತ ಅಚ್ಚುಕಟ್ಟಾದವು. ತಪಾಸಣೆಗೆ ಬಂದವರು ಮೆಚ್ಚಿ ಸಹಿ ಹಾಕಿದರು. ಒಂದು ಪುಟವನ್ನಾದರೂ ಓದಿಸಿ ನೋಡಿ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಇದೇ ಬ್ಯಾಚಿನ ಮಕ್ಕಳು ಎಸ್.ಎಸ್.ಎಲ್.ಸಿ. ಬರೆದದ್ದು 2024ರಲ್ಲಿ. ಹಿಂದಿನ ವರ್ಷ ರಾಜ್ಯದ ಫಲಿತಾಂಶ ಶೇಕಡಾ 83.89 ಇತ್ತು, ಆ ವರ್ಷ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಇಟ್ಟು ನಕಲು ತಡೆದದ್ದೇ ಕಾರಣ ಎಂದು ಎಲ್ಲರೂ ಹೇಳಿದರು. ಅದು ದೊಡ್ಡ ಕಾರಣವೇ, ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಮೆರಾ ಕಂಡುಹಿಡಿದದ್ದು ನಕಲನ್ನು ಮಾತ್ರವೇ? ಏಳನೆಯ ತರಗತಿಯನ್ನೇ ಸರಿಯಾಗಿ ಕಾಣದ ಮಕ್ಕಳನ್ನು ನಾವು ಮೂರು ವರ್ಷ ನೋಡಿ ಬರೆಯಿಸಿ ಕೂರಿಸಿದ್ದೆವು. ಕ್ಯಾಮೆರಾದ ಮುಂದೆ ನೋಡಿ ಬರೆಯಲು ಏನೂ ಇರಲಿಲ್ಲ, ಅಷ್ಟೇ.

ಪಾಕಿಸ್ತಾನದ ಆ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು. ಭೂಕಂಪದ ಬಿರುಕಿಗೆ ಎಷ್ಟೇ ಹತ್ತಿರವಿರಲಿ, ತಾಯಿ ಪ್ರಾಥಮಿಕ ಶಿಕ್ಷಣ ಮುಗಿಸಿದ್ದ ಮನೆಗಳಲ್ಲಿ ಮಕ್ಕಳು ಹಿಂದೆ ಬಿದ್ದಿರಲಿಲ್ಲ. ಪದವಿಯಲ್ಲ, ಪ್ರಾಥಮಿಕ ಶಿಕ್ಷಣ ಸಾಕಾಗಿತ್ತು. 2020ರಲ್ಲಿ ಮನೆಯಲ್ಲೇ ಮುಗಿದ ಆ ಮದುವೆಯ ಲೆಕ್ಕದಲ್ಲಿ ಇದನ್ನೂ ಸೇರಿಸಿ ನೋಡಿ. ಉಳಿದ ಖರ್ಚು ಎಷ್ಟು, ಕಳೆದದ್ದು ಎಷ್ಟು?

ಹಿಂದೆ ಬಿದ್ದವರನ್ನು ಮುಂದೆ ತರಲು ಸಾಧ್ಯವಿಲ್ಲವೇ? ಸಾಧ್ಯವಿದೆ, ಪಕ್ಕದ ತಮಿಳುನಾಡಿನಲ್ಲೇ ಆಗಿದೆ. 2021ರ ಕೊನೆಯಲ್ಲಿ ಅಲ್ಲಿನ ಸರ್ಕಾರ 'ಇಲ್ಲಂ ತೇಡಿ ಕಲ್ವಿ' ಎಂಬ ಕಾರ್ಯಕ್ರಮ ಶುರು ಮಾಡಿತು. ಮನೆ ಹುಡುಕಿ ಬರುವ ಶಿಕ್ಷಣ ಎಂದು ಅರ್ಥ. ಸುಮಾರು ಎರಡು ಲಕ್ಷ ಸ್ವಯಂಸೇವಕರು, ಹೆಚ್ಚಿನವರು ಅದೇ ಊರಿನ ಹೆಣ್ಣುಮಕ್ಕಳು, ಸಂಜೆ ಹೊತ್ತು ಓಣಿಯ ಮಕ್ಕಳನ್ನು ಕೂಡಿಸಿ ಅವರು ಇರುವ ಮಟ್ಟದಿಂದ ಕಲಿಸಿದರು. ಶಾಲೆ ತೆರೆದ ಆರು ತಿಂಗಳೊಳಗೆ ಕಲಿಕೆಯ ನಷ್ಟದ ಮೂರರಲ್ಲಿ ಎರಡು ಪಾಲು ತುಂಬಿತೆಂದು, ಅದರಲ್ಲಿ ಸುಮಾರು ಕಾಲು ಭಾಗ ಈ ಸಂಜೆ ತರಗತಿಗಳಿಂದ ಬಂತೆಂದು ಅಧ್ಯಯನಗಳು ತೋರಿಸಿವೆ. ಆಫ್ರಿಕದ ಬೋಟ್ಸ್‌ವಾನಾದಲ್ಲಿ ಇನ್ನೂ ಸರಳವಾದ ಪ್ರಯೋಗ ನಡೆಯಿತು. ಮುಚ್ಚುಗಡೆಯ ಕಾಲದಲ್ಲಿ ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಿ ಇಪ್ಪತ್ತು ನಿಮಿಷ ಲೆಕ್ಕ ಹೇಳಿಕೊಟ್ಟರು. ಸ್ಮಾರ್ಟ್‌ಫೋನ್ ಅಲ್ಲ, ಗುಂಡಿ ಒತ್ತುವ ಸಾದಾ ಫೋನ್. ಬರೀ ಸಂದೇಶ ಕಳಿಸಿದ ಮನೆಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ, ಸಂದೇಶದ ಜೊತೆಗೆ ದನಿ ಕೇಳಿಸಿದ ಮನೆಗಳಲ್ಲಿ ಮಕ್ಕಳು ಕಲಿತರು. ನಾವು ಆ ಎರಡು ವರ್ಷ ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕಿ ಪಾಠವಾಯಿತೆಂದು ದಿನಚರಿಯಲ್ಲಿ ಬರೆದುಕೊಂಡೆವು.

ನಮ್ಮ ದೇಶದಲ್ಲೂ ಚಿಕ್ಕ ಮಕ್ಕಳು ಚೇತರಿಸಿಕೊಂಡಿದ್ದಾರೆ. ಸರ್ಕಾರಿ ಶಾಲೆಯ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇಕಡಾ 20.9 ಇದ್ದರೆ, 2022ರಲ್ಲಿ 16.3ಕ್ಕೆ ಬಿದ್ದು, 2024ರಲ್ಲಿ 23.4ಕ್ಕೆ ಏರಿದರು ಎಂದು ಅಸರ್ ವರದಿ ಹೇಳುತ್ತದೆ. ಏರಿದರೂ ಇದು ಹೆಮ್ಮೆಪಡುವ ಅಂಕಿ ಅಲ್ಲ, ಆದರೆ ದಿಕ್ಕು ಸರಿಯಿದೆ. ನನ್ನ ಚಿಂತೆ ಇರುವುದು ದೊಡ್ಡವರ ಬಗ್ಗೆ. ಆಗ ಹದಿಮೂರರಿಂದ ಹದಿನೇಳು ವಯಸ್ಸಿನವರಾಗಿದ್ದು ಶಾಲೆಗೆ ಮರಳದವರನ್ನು ಯಾವ ಸಮೀಕ್ಷೆ ಅಳೆಯುತ್ತದೆ? ಅವರು ಶಾಲೆಯ ಲೆಕ್ಕದಲ್ಲಿಲ್ಲ, ಬಾಲಕಾರ್ಮಿಕರ ಲೆಕ್ಕದಲ್ಲೂ ಈಗಿಲ್ಲ. ದಿನಗೂಲಿ ದುಡಿಯುವುದರಿಂದ ನಿರುದ್ಯೋಗಿಗಳ ಲೆಕ್ಕದಲ್ಲೂ ಇಲ್ಲ.

ಅವರ ಹೆಸರು ಉಳಿದಿರುವುದು ಒಂದೇ ಕಡೆ, ನಮ್ಮ ಹಳೆಯ ಹಾಜರಿ ಪುಸ್ತಕಗಳಲ್ಲಿ. ಕಳೆದ ವರ್ಷ ಬೇಸಿಗೆ ರಜೆಯಲ್ಲಿ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು 2019-20ರ ಹಾಜರಿ ಪುಸ್ತಕವನ್ನು ಬೀರುವಿನಿಂದ ತೆಗೆದು, ಹೆಸರು ಹಿಡಿದು ಓಣಿ ಓಣಿ ತಿರುಗಿದೆವು. ಕೆಲವರು ಊರು ಬಿಟ್ಟಿದ್ದರು. ಒಬ್ಬ ಬೆಂಗಳೂರಿನಲ್ಲಿ ವೆಲ್ಡಿಂಗ್ ಮಾಡುತ್ತಾನಂತೆ. ಪ್ರಬಂಧದಲ್ಲಿ ಬಹುಮಾನ ತಂದಿದ್ದ ಹುಡುಗಿಗೆ ಈಗ ಎರಡು ಮಕ್ಕಳು. ಒಳಗೆ ಹೋಗಿ ಟ್ರಂಕಿನಿಂದ ಆ ಪ್ರಮಾಣಪತ್ರ ತಂದು ತೋರಿಸಿದಳು, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ಗಂಡ ಒಪ್ಪಿದರೆ ಪರೀಕ್ಷೆ ಕಟ್ಟುವುದಾಗಿ ಹೇಳಿದಳು. ನಾವು ಗಂಡನನ್ನು ಕಾಣಲು ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಅವನು ಒಪ್ಪಿದ್ದಲ್ಲದೆ, "ನನ್ನದೂ ಎಂಟನೇ ಕ್ಲಾಸಿಗೆ ನಿಂತಿದೆ, ನಾನೂ ಬರೆಯಬಹುದಾ?" ಎಂದು ಕೇಳಿದ.

ಬರೆಯಬಹುದು. ಎನ್.ಐ.ಒ.ಎಸ್. ಎಂಬ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೆಯ ತರಗತಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಉರ್ದು ಮಾಧ್ಯಮದಲ್ಲೂ ಬರೆಯಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಕಾಲಾವಕಾಶ, ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು. ಮಂಡಕ್ಕಿ ಭಟ್ಟಿಯ ಹುಡುಗನಿಗೂ ಇದನ್ನೇ ಹೇಳಿದೆ. ಅವನು ಈಗ ಎತ್ತರವಾಗಿದ್ದಾನೆ, ಮೀಸೆ ಬಂದಿದೆ, ಕೆಮ್ಮುತ್ತಾನೆ. ಬಹಳ ಹೊತ್ತು ಸುಮ್ಮನಿದ್ದು, "ಎಲ್ಲಾ ವಿಷಯ ಒಂದೇ ಸಲ ಬರೆಯಬೇಕಾ ಟೀಚರ್?" ಎಂದ. ಬೇಕಿಲ್ಲ ಎಂದೆ. "ಹಾಗಾದರೆ ರಾತ್ರಿ ಎಂಟರ ಮೇಲೆ ಬರುತ್ತೇನೆ, ಅದಕ್ಕಿಂತ ಮುಂಚೆ ಆಗುವುದಿಲ್ಲ" ಎಂದ. ಈ ಸಲ ಅವನ ತಾಯಿ ಮುನ್ನೂರು ರೂಪಾಯಿಯ ಮಾತೆತ್ತಲಿಲ್ಲ. ನಾವು ಅವನ ದುಡಿಮೆಯನ್ನು ಬಿಡಿಸುತ್ತಿರಲಿಲ್ಲವಲ್ಲ.

ಆದ್ದರಿಂದ ಈ ವೇದಿಕೆಯಿಂದ ನನ್ನ ಕೋರಿಕೆ ಇಷ್ಟು. ಸಂಸ್ಥೆಯ ಕಟ್ಟಡದ ಕೆಳಮಹಡಿಯ ದೊಡ್ಡ ಕೋಣೆ ಸಂಜೆಯ ಮೇಲೆ ಖಾಲಿ ಇರುತ್ತದೆ. ವಾರಕ್ಕೆ ಐದು ದಿನ ರಾತ್ರಿ ಎಂಟರಿಂದ ಒಂಬತ್ತೂವರೆಯವರೆಗೆ ಅದನ್ನು ಕೊಡಬೇಕು. ಹೆಣ್ಣುಮಕ್ಕಳಿಗೆ ಆ ಹೊತ್ತಿನಲ್ಲಿ ಬರಲಾಗುವುದಿಲ್ಲ, ಅವರಿಗೆ ಮಧ್ಯಾಹ್ನ ಎರಡರಿಂದ ಬೇರೆ ವ್ಯವಸ್ಥೆ ಆಗಬೇಕು, ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ, ಅದಕ್ಕೆ ಯಾರೂ ಮುಖ ಸಿಂಡರಿಸಬಾರದು. ಪರೀಕ್ಷಾ ಶುಲ್ಕಕ್ಕೆ ದಾನಿಗಳು ಬೇಕು. ಇದುವರೆಗೆ ಹೆಸರು ಕೊಟ್ಟವರು ಒಂಬತ್ತು ಜನ. ಉರ್ದು ಮತ್ತು ಕನ್ನಡವನ್ನು ನಾನು ನೋಡಿಕೊಳ್ಳುತ್ತೇನೆ, ಈ ಬಾರಿ ಒತ್ತಕ್ಷರದಿಂದ ಶುರು. ಆರಂಭದಲ್ಲಿ ಹೇಳಿದ ಗಣಿತದ ಮೇಷ್ಟ್ರು ಶುಕ್ರವಾರ ಬಿಟ್ಟು ಉಳಿದ ದಿನ ಬರಲು ಒಪ್ಪಿದ್ದಾರೆ. ವಿಜ್ಞಾನಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.